ಮಸಿ ಭಾವನ ಬ್ಲೂಬ್ಲ್ಯಾಕ್

ಒಂದು ಭಾನುವಾರ ಬೆಳಿಗ್ಗೆ ಫೋನು ಕಿವಿಗಿಟ್ಟುಕೊಂಡ ನನ್ನ ಹೆಂಡತಿ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಳು. ಆ ಕಡೆಯಿಂದ ಮಾತಾಡುತ್ತಿದ್ದವರು ನನ್ನ ಅಕ್ಕನ ಗಂಡ, ನಮ್ಮ ಭಾವ.

"ನಾಲಿಗೆ ಪೂರ್ತಿ ಒಣಗಿಹೋಗಿದೆ ಕಣಮ್ಮ. ನಿನ್ನೆಯಿಂದ ನೀರಲ್ಲೇ ಇಟ್ಟಿದೀನಿ, ಒಂದು ತೊಟ್ಟೂ ಒಳಗೆ ಹೋಗ್ತಿಲ್ಲ. ಸಂಜೆವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕತ್ತು ತಿರುಚಿ ಕಿತ್ತುಬಿಡೋದೇ."

ಅಕ್ಕನಿಗೇ ಏನೋ ಆಗಿದೆ ಎಂದುಕೊಂಡು, ಕಾಲಿಗೆ ಸಿಕ್ಕ ಚಪ್ಪಲಿ ಯಾರದೆಂದೂ ನೋಡದೆ ಇಬ್ಬರೂ ಓಡಿದೆವು. ಹೋಗಿ ನೋಡಿದರೆ ಅಕ್ಕ ಬಾಗಿಲ ಬಳಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಳೆ. ನಾವು ಬಂದ ಕಾರಣ ಕೇಳಿ, ಕತ್ತಿನಲ್ಲೇ ಒಳಗೆ ತೋರಿಸಿದಳು. ಮೇಜಿನ ಮೇಲೆ ಒಂದು ಲೋಟ ನೀರು. ನೀರಿನಲ್ಲಿ ತಲೆಕೆಳಗಾಗಿ ನಿಂತ ಹಳೆಯದೊಂದು ಹಸಿರು ಫೌಂಟನ್ ಪೆನ್ನು. ನಿಬ್ಬಿನ ಅಡಿಗೆ ಕೂತು ಇಂಕು ಹರಿಸುವ ಕಪ್ಪು ಕಡ್ಡಿಗೆ ನಮ್ಮ ಭಾವ ನಾಲಿಗೆ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಅವತ್ತು. ಬೆರಳು ಹಿಡಿಯುವ ಜಾಗ ಕತ್ತಂತೆ. ಇಂಕು ತುಂಬುವುದು ಹೊಟ್ಟೆಯಂತೆ.

"ಈ ಮನೇಲಿ ಪೆನ್ನಿಗೆ ಇರೋ ಅಷ್ಟು ಅಂಗಾಂಗ ನನಗಿಲ್ಲ ಕಣೋ," ಎಂದಳು ಅಕ್ಕ. "ಪೆನ್ನಿನ ನಾಲಿಗೆ ಒಣಗಿದ್ರೆ ಊರಿಗೆಲ್ಲ ಫೋನು. ನನಗೆ ಜ್ವರ ಬಂದ್ರೆ, 'ಬಿಸಿನೀರು ಕುಡಿ' ಅಂತಾರೆ."

ಭಾವನದು ಕನ್ನಡಕದ ಅಂಗಡಿ. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡ ಉದ್ದನೆಯ ಕೋಣೆ. ಮುಂದೆ ಗಾಜಿನ ಕಪಾಟಿನಲ್ಲಿ ಯಾರ ಮೂಗಿಗಾಗಿಯೋ ಕಾದು ಕೂತ ಫ್ರೇಮುಗಳು. ಹಿಂದೆ, ದೊಡ್ಡಕ್ಷರದಿಂದ ಶುರುವಾಗಿ ಇರುವೆ ಸಾಲಾಗಿ ಮುಗಿಯುವ ಕಣ್ಣು ಪರೀಕ್ಷೆಯ ಹಲಗೆ. ಅದರ ಪಕ್ಕದ ಪರದೆ ಸರಿಸಿದರೆ ಭಾವನ ನಿಜವಾದ ಸಂಸಾರ. ಲೆನ್ಸು ಇಡಲೆಂದು ಮಾಡಿಸಿದ ತೆಳ್ಳನೆಯ ಡ್ರಾಯರುಗಳಲ್ಲಿ ಲೆನ್ಸು ಇಲ್ಲ, ಪೆನ್ನುಗಳು ಮಲಗಿವೆ. ಲೆನ್ಸುಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ.

ಬೆರಳಿಗೆ ಸದಾ ಇಂಕು ಮೆತ್ತಿಕೊಂಡಿರುವುದರಿಂದ ಮಸಿ ಭಾವ ಎಂಬ ಹೆಸರು ನಮ್ಮ ಮನೆಯಲ್ಲಿ ಹುಟ್ಟಿ ಬೀದಿಗೆ ಹರಡಿತು. ನನ್ನ ಅಕ್ಕನನ್ನು ಬಿಟ್ಟು ಬೇರೆ ಯಾರ ಅಕ್ಕನನ್ನೂ ಮದುವೆಯಾಗದ ಈ ಮನುಷ್ಯ ಈಗ ಊರಿಗೆಲ್ಲ ಭಾವ. ಒಮ್ಮೆ ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಹೋದವರು ಗಾಬರಿಯಿಂದ ವಾಪಸು ಬಂದರು: "ಎಡಗಣ್ಣಲ್ಲಿ ಏನೋ ನೀಲಿ ಮೋಡ ತೇಲ್ತಿದೆ ರೀ." ಅದು ಭಾವನ ಹೆಬ್ಬೆರಳಿನ ಗುರುತು.

ಪೆನ್ನಿಗೆ ಇಂಕು ಹೊಂದಿಸುವುದರಲ್ಲಿ ಅವರು ತೋರಿಸುವ ಎಚ್ಚರವನ್ನು ಎಷ್ಟೋ ಜನ ಮಗಳಿಗೆ ಗಂಡು ಹುಡುಕುವಾಗಲೂ ತೋರಿಸುವುದಿಲ್ಲ. ಪೆನ್ನುಗಳಲ್ಲಿ ಎರಡು ಜಾತಿ. ಒಂದು ಕೈಬಿಚ್ಚಿ ಕೊಡುವಂಥದ್ದು. ಕಾಗದ ಮುಟ್ಟಿದರೆ ಸಾಕು, ಒಳಗಿದ್ದದ್ದನ್ನೆಲ್ಲ ಸುರಿದುಬಿಡುತ್ತದೆ. ಇನ್ನೊಂದು ಜಿಪುಣ, ಒತ್ತಿ ಒತ್ತಿ ಕೇಳಿದರೂ ಅರ್ಧ ಗೆರೆ. ದುಂದುಗಾರನಿಗೆ ನಿಧಾನದ ಇಂಕು ಕಟ್ಟಬೇಕು, ಜಿಪುಣನಿಗೆ ಸಲೀಸಾಗಿ ಹರಿಯುವ ಇಂಕು. ಇಬ್ಬರೂ ಧಾರಾಳಿಗಳಾದರೆ ಷರಟು ಹಾಳು, ಇಬ್ಬರೂ ಜಿಪುಣರಾದರೆ ಬರವಣಿಗೆ ಹಾಳು. "ನಿಮ್ಮಿಬ್ಬರದು ಯಾವುದು ಭಾವ?" ಎಂದು ಒಮ್ಮೆ ಕೇಳಿದ್ದೆ. "ನಿಮ್ಮಕ್ಕ ನಿಧಾನ, ನಾನು ಸುರಿಯೋನು," ಎಂದರು. ಒಳಗಿನಿಂದ ಅಕ್ಕ, "ಒರೆಸೋಳೂ ನಾನೇ," ಎಂದಳು.

ಪೆನ್ನು ಪರೀಕ್ಷಿಸಲು ಎಲ್ಲರೂ ತಮ್ಮ ಹೆಸರು ಬರೆದು ನೋಡುತ್ತಾರಲ್ಲ, ಅದು ಭಾವನಿಗೆ ಆಗದು. ಹೆಸರು ಬರೆದು ಬರೆದು ಕೈಗೆ ಅಭ್ಯಾಸವಾಗಿರುತ್ತದೆ, ಪೆನ್ನಿನ ಗುಣ ತಿಳಿಯುವುದಿಲ್ಲ ಎನ್ನುತ್ತಾರೆ. ಅವರು ಬರೆಸುವ ಪದ 'ಬಾಣಲೆ'. ಬಾ ಎನ್ನುವಾಗ ನಿಬ್ಬು ಬಳುಕಬೇಕು, ಣ ಎನ್ನುವಾಗ ಎರಡೆರಡು ಹೊಟ್ಟೆ ಸುತ್ತಬೇಕು, ಲೆ ಎನ್ನುವಾಗ ಮೇಲೆದ್ದು ಹಗುರಾಗಿ ಇಳಿಯಬೇಕು. ಅವರ ಅಂಗಡಿಯ ಕಾಗದದ ತುಂಡುಗಳಲ್ಲಿ ಊರಿಗಾಗುವಷ್ಟು ಬಾಣಲೆಗಳಿವೆ. ಮನೆಯಲ್ಲಿರುವುದು ಒಂದು, ಅದಕ್ಕೂ ಹಿಡಿ ಇಲ್ಲ.

ನಾನು ವಾರಪತ್ರಿಕೆಗೆ ನಗೆಬರಹ ಬರೆಯುವವನು. ಅದನ್ನು ಬರೆಯುವುದು ಬ್ಯಾಂಕಿನಲ್ಲಿ ದಾರ ಕಟ್ಟಿ ಇಟ್ಟಿದ್ದ, ಹೇಗೋ ದಾರ ಬಿಟ್ಟು ನನ್ನ ಜೇಬು ಸೇರಿದ ಬಾಲ್ ಪೆನ್ನಿನಲ್ಲಿ. ಭಾವ ಅದನ್ನು ಎರಡು ಬೆರಳಲ್ಲಿ, ಹಲ್ಲಿಯ ಬಾಲ ಎತ್ತುವಂತೆ ಎತ್ತಿ, "ಅದಕ್ಕೇ ನಿನ್ನ ಲೇಖನ ಹಾಗಿರೋದು," ಎಂದಿದ್ದರು.

ಅವರ ಸಂಗ್ರಹದಲ್ಲೆಲ್ಲ ಅವರಿಗೆ ಹೆಮ್ಮೆ ಯಾವುದೋ ಪೆನ್ನಿನ ಬಗ್ಗೆ ಅಲ್ಲ, ಒಂದು ಇಂಕಿನ ಬಗ್ಗೆ. ಅಕ್ಕ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಹೊಸ ಪುಸ್ತಕ ಬಂದಾಗ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ಅದರ ಮೇಲೆ ನಂಬರು ಬರೆಯುವುದು ಅವಳ ಪಾಲಿನ ಕೆಲಸ. ಮದುವೆಯಾದ ಹೊಸದರಲ್ಲಿ ಭಾವ ಅವಳಿಗೆಂದೇ ಒಂದು ಬ್ಲೂಬ್ಲ್ಯಾಕ್ ಬೆರೆಸಿದರು. ಸಂಜೆ, ದೀಪ ಹಾಕುವುದಕ್ಕೆ ಸ್ವಲ್ಪ ಮುಂಚೆ, ಕಿಟಕಿಯಾಚೆ ಆಕಾಶಕ್ಕೆ ಬರುತ್ತದಲ್ಲ, ಆ ಬಣ್ಣ. ನೀಲಿಗೆ ಕಪ್ಪು, ಅದಕ್ಕೆ ಯಾವುದೋ ಒಂದರ ತೊಟ್ಟು. ಅಳತೆ ಎಷ್ಟು ಎಂದು ಕೇಳಿದರೆ, "ಅಳತೆ ಬೇಕಾಗೋದು ಕಣ್ಣಿಲ್ಲದೋರಿಗೆ," ಎನ್ನುವರು. ಅಂದಿನಿಂದ ಬಾಟಲಿ ಖಾಲಿಯಾದಾಗಲೆಲ್ಲ ಹೊಸದು ಬೆರೆಸಿ ಕೊಡುತ್ತಾರೆ. ಕೊಟ್ಟು ಒಂದೇ ಪ್ರಶ್ನೆ: "ಹರಿವು ಹೇಗಿದೆ?" ಅಕ್ಕ ಬಾಣಲೆ ಬರೆದು, "ಚೆನ್ನಾಗಿದೆ," ಎನ್ನುತ್ತಾಳೆ. ಮುಗಿಯಿತು.

ಕಳೆದ ವರ್ಷ ಅಕ್ಕ ನನ್ನನ್ನು ಲೈಬ್ರರಿಗೆ ಕರೆಸಿಕೊಂಡಳು. ನನ್ನ ಪುಸ್ತಕವನ್ನು ಯಾರಾದರೂ ಕೇಳಿರಬಹುದು ಎಂಬ ಆಸೆಯಿಂದ ಇಸ್ತ್ರಿ ಷರಟು ಹಾಕಿಕೊಂಡು ಹೋದೆ. ಅವಳು ನನ್ನನ್ನು, ಬಂದ ಕ್ರಮದಲ್ಲೇ ಪುಸ್ತಕ ಜೋಡಿಸಿದ್ದ ಉದ್ದನೆಯ ಕಪಾಟೊಂದರ ಮುಂದೆ ನಿಲ್ಲಿಸಿ, "ಎಡಗಡೆಯಿಂದ ಬಲಗಡೆಗೆ ಬೆನ್ನು ನೋಡ್ಕೊಂಡು ನಡಿ," ಎಂದಳು.

ನಡೆದೆ. ಎಡತುದಿಯಲ್ಲಿ ಹಳೆಯ ಪುಸ್ತಕಗಳು. ನಂಬರುಗಳೆಲ್ಲ ಆ ಸಂಜೆಯ ಬಣ್ಣದಲ್ಲಿ ಗಂಭೀರವಾಗಿ ಕೂತಿದ್ದವು. ನಡುವಿಗೆ ಬರುವಾಗ ಏನೋ ಸ್ವಲ್ಪ ಉತ್ಸಾಹ ಬಂದಂತಿತ್ತು. ಬಲತುದಿ ಮುಟ್ಟುವಷ್ಟರಲ್ಲಿ ನಂಬರುಗಳು ಅಪ್ಪಟ ಬದನೆಕಾಯಿ ಬಣ್ಣಕ್ಕೆ ತಿರುಗಿ ಮಿರಮಿರ ಎನ್ನುತ್ತಿದ್ದವು.

"ಇಂಕು ಬದಲಾಯಿಸಿದ್ಯಾ ಅಕ್ಕಾ?"

"ಇಲ್ಲ. ಎಲ್ಲ ನಿಮ್ಮ ಭಾವ ಕೊಟ್ಟ ಬ್ಲೂಬ್ಲ್ಯಾಕೇ."

ನಾನು ಮತ್ತೊಮ್ಮೆ ನೋಡಿದೆ.

"ಅವರಿಗೆ ಇದೂ ಅದೂ ಒಂದೇ ಥರ ಕಾಣ್ತಿದೆ ಕಣೋ," ಎಂದಳು ಅಕ್ಕ, ದನಿ ತಗ್ಗಿಸಿ. "ಒಂದೇ ಅಲ್ಲ, ಹಳೇದು ತೋರಿಸಿದ್ರೆ ಬಣ್ಣ ಬಿಟ್ಟಿದೆ ಅಂತಾರೆ. ವರ್ಷ ವರ್ಷ ಇನ್ನಷ್ಟು ನೀಲಿ ಸುರೀತಾರೆ, ಇನ್ನಷ್ಟು ನೇರಳೆ ಸುರೀತಾರೆ. ಅಂಗಡಿ ಇಂಕಲ್ಲಿ ಮೊದಲಿನ ಸತ್ವ ಇಲ್ಲ, ಕಂಪನಿಯೋರು ನೀರು ಬೆರೆಸ್ತಾರೆ ಅಂತ ಬೈತಾರೆ. ನೀರು ಇಂಕಿಗಲ್ಲ, ಇವರ ಕಣ್ಣಿಗೆ ಬಂದಿದೆ."

ವಿಷಯ ಅಲ್ಲಿಗೇ ನಿಂತಿದ್ದರೆ ಅವಳು ಇನ್ನಷ್ಟು ವರ್ಷ ಬದನೆಕಾಯಿಯಲ್ಲೇ ಬರೆದುಕೊಂಡಿರುತ್ತಿದ್ದಳೋ ಏನೋ. ಆದರೆ ಆ ಲೈಬ್ರರಿಯಲ್ಲಿ ಒಂದು ಕ್ರಮವಿದೆ. ಮನೆಗೆ ಕೊಡದ, ಅಲ್ಲೇ ಕೂತು ಓದಬೇಕಾದ ಪುಸ್ತಕಕ್ಕೆ ಕೆಂಪು ನಂಬರು. ನೇರಳೆಯನ್ನು ಕಂಡ ವಿದ್ಯಾರ್ಥಿಗಳು ಇದೂ ಅಂಥದೇ ಯಾವುದೋ ಒಂದು ಜಾತಿ ಎಂದು ತೀರ್ಮಾನಿಸಿ ಹೊಸ ಪುಸ್ತಕಗಳನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಹುಡುಗಿಯೊಬ್ಬಳು ಬಂದು, "ಮೇಡಂ, ಇದನ್ನ ಮುಟ್ಟಿ ನೋಡಬಹುದಾ?" ಎಂದು ಕೇಳಿದ್ದಳಂತೆ. ಲೈಬ್ರರಿಯ ದೊಡ್ಡ ಮೇಡಂ ಅಕ್ಕನನ್ನು ಕರೆದು, ಆ ಚೀಟಿಗಳನ್ನೆಲ್ಲ ಅಂಗಡಿಯ ಇಂಕಿನಲ್ಲಿ ಹೊಸದಾಗಿ ಬರೆಯಿರಿ ಎಂದಿದ್ದರು.

"ಬರೆದುಬಿಡು ಅಕ್ಕಾ. ಭಾವನಿಗೆ ಹೇಗೆ ಗೊತ್ತಾಗುತ್ತೆ?"

"ಒಂದ್ಸಲ ಅಂಗಡಿ ಇಂಕು ತಂದಿದ್ದೆ. ಕಣ್ಣಿಗೆ ಗೊತ್ತಾಗದಿದ್ರೂ ವಾಸನೆಗೇ ಕಂಡುಹಿಡಿದ್ರು. ವಾರಗಟ್ಟಲೆ ಮುಖ ಊದಿಸ್ಕೊಂಡಿದ್ರು. ಅದು ಹೋಗ್ಲಿ ಬಿಡು. ನನಗೆ ಚೀಟಿದಲ್ಲ ಚಿಂತೆ. ಆ ಮನುಷ್ಯನಿಗೆ ಜಂಬ ಅಂತ ಇರೋದೇ ಆ ಕಣ್ಣಿನದು. ಅದು ಹೋಯ್ತು ಅಂತ ನಾನು ಹೆಂಗೋ ಹೇಳ್ಲಿ? ಹೇಳದೆ ಬಿಟ್ರೆ ನಿಜವಾಗ್ಲೂ ಹೋಗುತ್ತೆ. ನೀನು ಬರಹಗಾರ. ನಯವಾಗಿ ಹೇಳು."

ಮನೆಯಲ್ಲಿ ಯಾರಿಗೂ ಬೇಡದ ಕೆಲಸ ಬಂದಾಗ ಮಾತ್ರ ನಾನು ಬರಹಗಾರ.

ಮರುದಿನ ಅಂಗಡಿಗೆ ಹೋದೆ. ನಾಲ್ಕು ವಾಕ್ಯ ದಾರಿಯಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಭಾವ ಒಂದು ನಿಬ್ಬನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರು.

"ನೋಡೋ ಲೇಖಕ, ಈ ವಯಸ್ಸಲ್ಲಿ ಕನ್ನಡಕ ತೆಗೆದು ಓದ್ತಿದೀನಿ. ಹಿಂದೆ ಆಗ್ತಿರಲಿಲ್ಲ. ಕಣ್ಣು ವಾಪಸು ಬರ್ತಿದೆ!"

ನನ್ನ ಮೊದಲ ವಾಕ್ಯ ಅಲ್ಲೇ ಬಿತ್ತು. ಉಳಿದವನ್ನು ಒಟ್ಟುಮಾಡಿಕೊಂಡು, "ಭಾವ, ಅಕ್ಕನಿಗೆ ಕೊಟ್ಟ ಇಂಕು… ನನಗ್ಯಾಕೋ ಸ್ವಲ್ಪ ನೇರಳೆ ಅನ್ನಿಸ್ತು," ಎಂದೆ.

ಭಾವ ನಿಬ್ಬು ಕೆಳಗಿಟ್ಟರು. ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಕನಿಕರವಿತ್ತು.

"ಎಷ್ಟು ದಿನದಿಂದ ಹೀಗೆ ಕಾಣ್ತಿದೆ ನಿನಗೆ?"

"ಅಲ್ಲ ಭಾವ, ನನಗಲ್ಲ…"

"ಮೊದಲು ಕುರ್ಚಿ ಮೇಲೆ ಕೂತ್ಕೋ. ಹೆದರ್ಕೋಬೇಡ. ಈ ವಯಸ್ಸಿಗೆ ಆಗುತ್ತೆ."

ಒಂದು ಕಣ್ಣು ಮುಚ್ಚಿಸಿದರು, ಇನ್ನೊಂದು ಮುಚ್ಚಿಸಿದರು. ಭಾರದ ಕಬ್ಬಿಣದ ಚೌಕಟ್ಟು ಮೂಗಿಗೇರಿಸಿ ಗಾಜು ಬದಲಿಸುತ್ತ, "ಇದು ಚೆನ್ನಾಗಿದ್ಯಾ, ಇದು ಚೆನ್ನಾಗಿದ್ಯಾ?" ಎಂದರು. ನಾನು ಹೋದದ್ದು ಅವರ ಕಣ್ಣಿನ ವಿಷಯ ಹೇಳಲು. ಬಂದದ್ದು ನನಗೊಂದು ಹೊಸ ಕನ್ನಡಕ ಮಾಡಿಸಿಕೊಂಡು. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಕನ್ನಡಕ ನೋಡಿದಳು. "ನಿನ್ನನ್ನ ಕಳಿಸಿದ್ದು ನನ್ನದೇ ತಪ್ಪು," ಎಂದಳು. ಅಂದಹಾಗೆ ಆ ಕನ್ನಡಕ ಹಾಕಿಕೊಂಡರೆ ನನಗೆ ಮೆಟ್ಟಿಲುಗಳು ಒಂದು ಹೆಚ್ಚು ಕಾಣುತ್ತವೆ.

ಕೊನೆಗೆ ಭಾವನನ್ನು ಹಿಡಿದುಕೊಟ್ಟದ್ದು ಅವರ ಜಂಬವೇ. ಅಂಗಡಿಯ ಎದುರು ಸಾಲಿನಲ್ಲಿ ಒಬ್ಬ ಕಣ್ಣಿನ ಡಾಕ್ಟರಮ್ಮ ಇದ್ದಾರೆ. ಅವರು ಬರೆದುಕೊಟ್ಟ ಚೀಟಿ ಹಿಡಿದು ರೋಗಿಗಳು ಭಾವನ ಅಂಗಡಿಗೆ ಬರುತ್ತಾರೆ. ಡಾಕ್ಟರಮ್ಮನ ತಾಯಿಯದೊಂದು ಪೆನ್ನು ಕೆಟ್ಟಿತ್ತು, ಭಾವ ಸರಿಮಾಡಿದರು. ಬರಿ ಪೆನ್ನು ಕೊಟ್ಟರೆ ಸಾಕಾಗುತ್ತಿತ್ತು. ಇವರು ಜೊತೆಗೆ ಒಂದು ಬಾಟಲಿ ಇಂಕನ್ನೂ ಒಯ್ದರು.

"ಇದಕ್ಕೆ ಇದೇ ಹೊಂದೋದು ಡಾಕ್ಟ್ರಮ್ಮ. ನನ್ನ ಕೈಯಾರೆ ಮಾಡಿದ ಬ್ಲೂಬ್ಲ್ಯಾಕು. 'ಬಾಣಲೆ' ಅಂತ ಬರೀರಿ."

ಡಾಕ್ಟರಮ್ಮ ಬರೆದರು. ಕಾಗದ ನೋಡಿದರು, ಬಾಟಲಿ ನೋಡಿದರು, ಭಾವನನ್ನು ನೋಡಿದರು. ಈಚೆಗೆ ಕನ್ನಡಕವಿಲ್ಲದೆ ಓದುತ್ತಿದ್ದೀರಾ ಎಂದು ಕೇಳಿದರು. ಭಾವ ಎದೆಯುಬ್ಬಿಸಿ ಹೌದೆಂದರು. "ಬನ್ನಿ, ಒಂದು ನಿಮಿಷ ಕೂತ್ಕೊಳ್ಳಿ," ಎಂದು ಯಂತ್ರದ ಮುಂದೆ ಗದ್ದ ಇಡಿಸಿದರು. ಆಮೇಲೆ ಅದೇ ಪೆನ್ನಿನಲ್ಲಿ, ಅದೇ ಇಂಕಿನಲ್ಲಿ ಒಂದು ಚೀಟಿ ಬರೆದು ಕೊಟ್ಟರು.

ವರ್ಷಗಳ ಅಭ್ಯಾಸ. ಭಾವ ಚೀಟಿ ಓದುತ್ತ, "ಎರಡೂ ಕಣ್ಣಿಗೆ ಪೊರೆ, ಪಾಪ. ಯಾರಿದು ಪೇಷಂಟು?" ಎಂದರಂತೆ. ಆಮೇಲೆ ಮೇಲೆ ಬರೆದ ಹೆಸರು ಓದಿದರು.

ಡಾಕ್ಟರಮ್ಮ ವಿವರಿಸಿದರು. ಪೊರೆ ಹಳದಿಗಟ್ಟಿದ ಗಾಜಿದ್ದಂತೆ, ನೀಲಿಯನ್ನು ನುಂಗಿಬಿಡುತ್ತದೆ. ಹತ್ತಿರದ್ದು ಕನ್ನಡಕವಿಲ್ಲದೆ ಕಾಣುವುದೂ ಅದರದೇ ಆಟ. ನಿಧಾನವಾಗಿ ಬರುವುದರಿಂದ ಬಂದದ್ದು ತಿಳಿಯುವುದಿಲ್ಲ. ಇದೆಲ್ಲ ಭಾವನಿಗೆ ಗೊತ್ತಿಲ್ಲದ್ದಲ್ಲ. ಗಿರಾಕಿಗಳಿಗೆ ಅವರೇ ಹೇಳುವ ಮಾತು ಅದು.

ಆಪರೇಷನ್ನಿಗೆ ಅವರು ಒಪ್ಪಲು ಒಂದು ತಿಂಗಳೇ ಹಿಡಿಯಿತು. ಅಂಗಡಿಯ ಪರದೆ ಸರಿಸುವುದನ್ನೇ ಬಿಟ್ಟರು. ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತವರು ಇಂಕಿಲ್ಲದ ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ಇಂಕಿಲ್ಲದೆ ಅದು ಬೇರೆ ಯಾರದೋ ಕೈಯಂತಿತ್ತು.

"ಒಂದು ಹೇಳು," ಎಂದರು. "ನಾನು ಮಾಡಿದ ಬಣ್ಣಗಳೆಲ್ಲ ಸುಳ್ಳಾ?"

"ಹಾಗಲ್ಲ ಭಾವ."

"ಕಣ್ಣು ಸರಿಯಾದ್ರೆ ಏನು ಕಾಣುತ್ತೋ ಅಂತ ಹೆದರಿಕೆ ಕಣೋ. ಕಾಣದೇ ಹೋದ್ರೆ ಅಂತಲ್ಲ. ಕಂಡ್ರೆ ಅಂತ."

 ನಾನು ಹೊಸ ಕನ್ನಡಕ ಒರೆಸಿಕೊಂಡೆ.

ಮೊದಲು ಬಲಗಣ್ಣು ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಭಾವ ಹೊಸ್ತಿಲಲ್ಲೇ ನಿಂತು, "ಗೋಡೆಗೆ ಯಾವಾಗ ಬಣ್ಣ ಹೊಡೆಸಿದೆ?" ಎಂದು ಅಕ್ಕನನ್ನು ಕೇಳಿದರು. ಗೋಡೆ ಹಾಗೆಯೇ ಇತ್ತು. ಆಮೇಲೆ ಅಕ್ಕನ ಮುಖ ನೋಡಿದರು, ತಲೆ ನೋಡಿದರು, ಬಾಯಿ ತೆರೆದರು.

"ನನ್ನ ತಲೆ ಬಗ್ಗೆ ಒಂದು ಮಾತಾಡಿದ್ರೆ ಪಟ್ಟಿ ಮತ್ತೆ ಕಟ್ಟಿಬಿಡ್ತೀನಿ," ಎಂದಳು ಅಕ್ಕ.

ಅವರು ನೇರ ಕಿಟಕಿಯ ಬಳಿಗೆ ಹೋದರು. ಅಲ್ಲಿ ಅಕ್ಕನ ಇಂಕಿನ ಬಾಟಲಿ ಇತ್ತು. ಬೆಳಕಿಗೆ ಹಿಡಿದರು. ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಬಾಟಲಿಯನ್ನು ನಿಧಾನವಾಗಿ ಕೆಳಗಿಟ್ಟರು.

"ಇದರಲ್ಲಿ ಬರೀತಿದ್ಯಾ?"

"ಹೂಂ."

"ಲೈಬ್ರರೀಲಿ? ಎಲ್ಲರೂ ನೋಡೋ ಹಾಗೆ?"

"ಪುಸ್ತಕದ ಬೆನ್ನಿಗೆ ಬರೆಯೋದು ನೋಡ್ಲಿ ಅಂತಲೇ ಅಲ್ವಾ?"

"ಯಾಕೇ ಒಂದು ಮಾತು ಹೇಳಲಿಲ್ಲ?"

"ನೀವು ಕೇಳಿದ್ದು ಹರಿವು ಹೇಗಿದೆ ಅಂತ. ಹರಿವು ಚೆನ್ನಾಗೇ ಇತ್ತು. ಬಣ್ಣ ಹೇಗಿದೆ ಅಂತ ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿದ್ದೀರಾ?"

ಭಾವ ಕೇಳಿರಲಿಲ್ಲ. ಬಣ್ಣದ ವಿಷಯ ಬೇರೆಯವರನ್ನು ಕೇಳುವಂಥದ್ದು ಎಂದು ಅವರಿಗೆ ತೋಚಿಯೇ ಇರಲಿಲ್ಲ.

ವಾರ ಕಳೆದ ಮೇಲೆ ಅವರೇ ಲೈಬ್ರರಿಗೆ ಹೊರಟರು. ನಾನೂ ಜೊತೆಗೆ ಹೋದೆ. ಅಕ್ಕ ತೋರಿಸಿದ ಆ ಕಪಾಟಿನ ಮುಂದೆ ಎಡದಿಂದ ಬಲಕ್ಕೆ ನಡೆದರು. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಒಮ್ಮೆ, ಇನ್ನೊಂದು ಮುಚ್ಚಿಕೊಂಡು ಒಮ್ಮೆ. ಓದುತ್ತಿದ್ದ ಹುಡುಗರು ತಲೆಯೆತ್ತಿ ನೋಡಿದರು. ಪುಸ್ತಕಗಳ ಬೆನ್ನಿನ ಮೇಲೆ ಅವರ ಕಣ್ಣು ಮುಸುಕಾದ ಕತೆ ಇಷ್ಟಿಷ್ಟಾಗಿ ಸಾಲಾಗಿ ನಿಂತಿತ್ತು.

"ಇಲ್ಲಿಂದ ಇಲ್ಲಿಗೆ ಎಲ್ಲೂ ಜಾರಿದ್ದು ಕಾಣಲ್ಲ, ನೋಡು," ಎಂದರು. "ಈ ಕಣ್ಣಿಗೆ ಆ ತುದಿ ಸರಿ. ಆ ಕಣ್ಣಿಗೆ ಈ ತುದಿ ಸರಿ. ಎರಡೂ ನಾನೇ ಆಣೆ ಮಾಡಿ ಬ್ಲೂಬ್ಲ್ಯಾಕ್ ಅಂದಿದ್ದು." ಆಮೇಲೆ ಅಕ್ಕನ ಕಡೆ ತಿರುಗಿ, "ಎಲ್ಲ ಚೀಟಿ ಕಿತ್ತುಬಿಡೋಣ ಕಣೇ. ಸರಿಯಾದ ಬಣ್ಣ ಮಾಡಿಕೊಡ್ತೀನಿ. ನಾನೇ ಕೂತು ಬರೀತೀನಿ," ಎಂದರು.

"ಬೇಡ," ಎಂದಳು ಅಕ್ಕ. ಬಾಗಿಲ ಬಳಿಯ ಫಲಕ ತೋರಿಸಿದಳು. ನೇರಳೆ ನಂಬರಿನ ಪುಸ್ತಕಗಳನ್ನೂ ಮನೆಗೆ ಕೊಡಲಾಗುತ್ತದೆ ಎಂದು ಅಲ್ಲಿ ಬರೆದಿತ್ತು. ದೊಡ್ಡ ಮೇಡಂ ಹತ್ತಿರ ಜಗಳವಾಡಿ ಹಾಕಿಸಿದ್ದಳಂತೆ. "ಈಗ ಹುಡುಗರು ಹೊಸದು ಬೇಕು ಅಂದ್ರೆ 'ಬದನೆಕಾಯಿ ಕೊಡಿ' ಅಂತ ಕೇಳ್ತಾರೆ. ಇನ್ನೊಂದು ಹದಿನೈದು ದಿನಕ್ಕೆ ನಿಮ್ಮ ಎಡಗಣ್ಣೂ ಆಗುತ್ತೆ. ಅಷ್ಟರೊಳಗೆ ಇದೇ ಬಣ್ಣ ಒಂದು ಬಾಟಲಿ ಮಾಡಿಕೊಡಿ. ದೊಡ್ಡ ಬಾಟಲಿ."

"ಇದನ್ನಾ? ನಾಚಿಕೆ ಆಗಲ್ವೇನೇ ನಿನಗೆ?"

"ಬ್ಲೂಬ್ಲ್ಯಾಕ್ ಅಂಗಡೀಲಿ ಸಿಗುತ್ತೆ. ಇದು ಎಲ್ಲೂ ಸಿಗಲ್ಲ. ಕಾಣದಿದ್ರೂ ನನಗೋಸ್ಕರ ಹುಡುಕ್ಕೊಂಡು ಹುಡುಕ್ಕೊಂಡು ಮಾಡಿದ ಬಣ್ಣ. ಆ ಕಣ್ಣೂ ನಿಮ್ಮದೇ ತಾನೆ?"

ಭಾವ ಬಲತುದಿಯ ಒಂದು ಚೀಟಿಯನ್ನು ಹೆಬ್ಬೆರಳಿನಿಂದ ಸವರಿದರು. ನಾನು ಪಕ್ಕದ ಕಪಾಟಿನಲ್ಲಿ ನನ್ನ ಪುಸ್ತಕ ಇದೆಯೇ ಎಂದು ಹುಡುಕುವವನಂತೆ ಬೇರೆ ಕಡೆ ತಿರುಗಿದೆ. ಇರಲಿಲ್ಲ.

ಮುಂದಿನ ಭಾನುವಾರ ಅಂಗಡಿಯ ಪರದೆ ಮತ್ತೆ ಸರಿಯಿತು. ಆದರೆ ಕೆಲಸ ಸಾಗಲಿಲ್ಲ. ಎರಡು ಕಣ್ಣೂ ಬಿಟ್ಟು ಬೆರೆಸಿದರೆ ಹೊಸ ಕಣ್ಣು ಅಡ್ಡ ಬರುತ್ತಿತ್ತು. ನೇರಳೆ ಒಂದು ತೊಟ್ಟು ಬೀಳುತ್ತಿದ್ದಂತೆ, "ಛೆ, ಸಾಕು," ಎಂದು ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಅಳತೆಯಂತೂ ಎಂದೂ ಇಟ್ಟುಕೊಂಡವರಲ್ಲ. ಬಟ್ಟಲು ಮೇಲೆ ಬಟ್ಟಲು ಗಂಭೀರ ನೀಲಿಯೇ ಬಂತು.

"ಲೇಖಕ, ಆ ಚಮಚ ತಗೊಂಡು ಬಾ," ಎಂದರು.

ಪರೀಕ್ಷೆಯ ಹೊತ್ತಿನಲ್ಲಿ ಗಿರಾಕಿಗಳ ಒಂದು ಕಣ್ಣು ಮುಚ್ಚಲು ಬಳಸುವ, ಉದ್ದ ಹಿಡಿಯ ಕಪ್ಪು ಚಮಚ ಅದು. ನಾನು ಪಕ್ಕದಲ್ಲಿ ನಿಂತು ಅದನ್ನು ಅವರ ಹೊಸ ಕಣ್ಣಿನ ಮೇಲೆ ಹಿಡಿದೆ. ಸಾಹಿತ್ಯದಿಂದ ಸಮಾಜಕ್ಕೆ ನನ್ನ ಕೊಡುಗೆ ಏನು ಎಂದು ಯಾರಾದರೂ ಕೇಳಿದರೆ ಹೇಳಲು ಈಗ ಒಂದಾದರೂ ಇದೆ. ಪೊರೆ ಬಂದ ಕಣ್ಣೊಂದರಿಂದಲೇ ಭಾವ ಬೆರೆಸತೊಡಗಿದರು. ಕೈ ಎಲ್ಲೂ ಅಳುಕಲಿಲ್ಲ. ಆ ಕಣ್ಣಿಗೆ ಅದು ಸಂಜೆಯ ಆಕಾಶವೇ ತಾನೆ. ಬಟ್ಟಲಿನಲ್ಲಿ ನೀಲಿ ಮೆಲ್ಲಗೆ ಕಪ್ಪಾಗಿ, ನೇರಳೆಯಾಗಿ, ಬದನೆಕಾಯಿಯಂತೆ ಹೊಳೆಯತೊಡಗಿತು.

"ಅಲ್ಲಾಡಿಸಬೇಡ ಮಾರಾಯ, ಬೆಳಕು ನುಗ್ಗುತ್ತೆ," ಎಂದು ನನ್ನನ್ನು ಗದರಿಸಿದರು. ಬೆರಳೆಲ್ಲ ಮಸಿಯಾಗಿತ್ತು. ಮೊದಲಿನ ದನಿ ವಾಪಸು ಬಂದಿತ್ತು.

ಬಾಟಲಿ ತುಂಬಿತು. ಅಕ್ಕನ ಪೆನ್ನಿಗೆ ಇಂಕು ಹಾಕಿ, ನಿಬ್ಬು ಒರೆಸಿ, ಅವಳ ಕೈಗೆ ಕೊಟ್ಟರು. ಅವಳು ಕಾಗದ ಎಳೆದುಕೊಂಡು ನಿಧಾನವಾಗಿ 'ಬಾಣಲೆ' ಎಂದು ಬರೆದಳು.  ಭಾವ ಹೊಸ ಪ್ರಶ್ನೆಯನ್ನು ಬಾಯಿಗೆ ಕೂರಿಸಿಕೊಳ್ಳುವವರಂತೆ ಕೇಳಿದರು:

"ಬಣ್ಣ ಹೇಗಿದೆ?"

ಅಕ್ಕ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಣದ ಎರಡೂ ಹೊಟ್ಟೆ ಮಸಿಯಿಂದ ತುಂಬಿಹೋಗಿದ್ದವು.

"ಬಣ್ಣ ಸರಿಯಾಗಿದೆ," ಎಂದಳು. "ಹರಿವೇ ಸ್ವಲ್ಪ ಜಾಸ್ತಿ ಆಯ್ತು."